‘ಹಾರಿಫಿಕ್’: ಹೆದರಿಕೆಗೆ ಹೇಸಿಗೆ ಕೂಡಿದಾಗ

ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ಎರಡು ವಾಹನ ಡಿಕ್ಕಿಯಾಗಿ ಜೀವ ಹೋಯಿತೆಂದರೆ ಮಾರನೆಯ ಬೆಳಿಗ್ಗೆ ಕನ್ನಡ ಪತ್ರಿಕೆಯ ತಲೆಬರಹ ಗೊತ್ತಿರುವಂಥದ್ದೇ: ‘ಭೀಕರ ಅಪಘಾತ’. ಅದೇ ಸುದ್ದಿ ಇಂಗ್ಲಿಷಿಗೆ ಹೋದರೆ ‘ಹಾರಿಫಿಕ್ ಆ್ಯಕ್ಸಿಡೆಂಟ್’ ಆಗುತ್ತದೆ. ಎರಡನ್ನೂ ಮೊಬೈಲಿನಲ್ಲಿ ಓದುವ ಹುಡುಗರ ತಲೆಯಲ್ಲಿ ಈ ಎರಡು ಪದಗಳಿಗೆ ಗಂಟು ಬಿದ್ದಿರುತ್ತದೆ. ನಿಘಂಟು ತೆರೆದರೂ ಗಂಟು ಬಿಚ್ಚುವುದಿಲ್ಲ. ಹಾರಿಬಲ್‌ಗೂ ಭಯಾನಕ, ಟೆರಿಬಲ್‌ಗೂ ಭಯಾನಕ, ಡ್ರೆಡ್‌ಫುಲ್‌ಗೂ ಭಯಾನಕ, ಹಾರಿಫಿಕ್‌ಗೂ ಭಯಾನಕ. ಹಾಗಾದರೆ ಯಾವುದನ್ನು ಎಲ್ಲಿ ಬೇಕಾದರೂ ಹಾಕಬಹುದು ಎಂದು ಮಕ್ಕಳು ತಿಳಿದುಕೊಂಡರೆ ಅವರನ್ನು ದೂರುವಂತಿಲ್ಲ. ಇಂಗ್ಲಿಷ್ ಕಲಿಸುವ ನನ್ನ ಮುಂದೆ ‘ಹಾಸ್ಟೆಲ್ ಊಟ ಹಾರಿಫಿಕ್ ಆಗಿತ್ತು’ ಎಂಬ ವಾಕ್ಯವೂ ಬರುತ್ತದೆ, ‘ಅಪಘಾತ ಟೆರಿಫಿಕ್ ಆಗಿತ್ತು’ ಎಂಬ ವಾಕ್ಯವೂ ಬರುತ್ತದೆ. ಮೊದಲನೆಯದರಲ್ಲಿ ಮಾತು ಅತಿಯಾಯಿತು, ಅಷ್ಟೆ. ಎರಡನೆಯದನ್ನು ಸಾವಿನ ಮನೆಯ ಮುಂದೆ ಯಾರಾದರೂ ಆಡಿದರೆ ಕೇಳಿದವರಿಗೆ ಸಂಕಟವಾಗುತ್ತದೆ. ಯಾಕೆ ಎಂಬುದು ಮುಂದೆ ಬರುತ್ತದೆ.

‘ತುಂಬಾ ಹೆದರಿಕೆ ಹುಟ್ಟಿಸುವ’ ಎಂದಷ್ಟೇ ಹೇಳಿದರೆ ಹಾರಿಫಿಕ್‌ನ ಅರ್ಥ ಅರ್ಧ ಮಾತ್ರ ಹೇಳಿದಂತೆ. ಅದರಲ್ಲಿ ಹೆದರಿಕೆಯ ಜೊತೆಗೆ ಹೇಸಿಗೆಯೂ ಇದೆ. ಇಲ್ಲಿ ಹೇಸಿಗೆ ಎಂದರೆ ಕೊಳಕು ಕಂಡಾಗ ಮೂಗು ಮುಚ್ಚಿಕೊಳ್ಳುವುದಲ್ಲ. ಕಣ್ಣೆದುರು ಇರುವುದನ್ನು ನೋಡಲಾರದೆ ಮುಖ ತಿರುಗಿಸಿಕೊಳ್ಳುವ, ಒಳಗಿನಿಂದ ಎದ್ದು ಬರುವ ಒಂದು ಹಿಂಜರಿತ. ಈ ಎರಡೂ ಕೂಡಿದ ಕಡೆ ಮಾತ್ರ ಆ ಪದ ಸರಿಯಾಗಿ ಕೂರುತ್ತದೆ.

ಮಲೆನಾಡಿನಲ್ಲಿ ಬೆಳೆದವರಿಗೆ ಈ ಎರಡನ್ನು ಬಿಡಿಬಿಡಿಯಾಗಿ ತೋರಿಸುವುದು ಸುಲಭ. ಆಗುಂಬೆಯ ಸುತ್ತಮುತ್ತ ಮನೆಯ ಹಿತ್ತಿಲಿಗೆ, ಅಡಿಕೆ ತೋಟಕ್ಕೆ ಕಾಳಿಂಗ ಸರ್ಪ ಬರುವುದುಂಟು. ಪ್ರಪಂಚದ ವಿಷದ ಹಾವುಗಳಲ್ಲೆಲ್ಲ ಉದ್ದನೆಯದು ಅದೇ. ಕಂಡವರ ಎದೆ ಝಲ್ಲೆನ್ನುತ್ತದೆ, ಕಾಲು ನೆಲಕ್ಕೆ ಅಂಟುತ್ತದೆ. ಆದರೆ ಅದನ್ನು ಕಂಡು ಅಸಹ್ಯಪಟ್ಟುಕೊಂಡವರನ್ನು ನಾನು ನೋಡಿಲ್ಲ. ಕೈಮುಗಿದವರನ್ನು ನೋಡಿದ್ದೇನೆ. ಅಲ್ಲಿರುವುದು ಹೆದರಿಕೆ, ಜೊತೆಗೆ ಒಂದಿಷ್ಟು ಭಕ್ತಿ. ಇನ್ನು ಮಳೆಗಾಲದ ಉಂಬಳ, ಅಂದರೆ ಜಿಗಣೆ. ಹುಲ್ಲಿನ ತುದಿಯಿಂದ ಕಾಲಿಗೆ ಹತ್ತಿ, ಪಾದದ ಸಂದಿಯಲ್ಲಿ ಉಬ್ಬಿ ಕೂತದ್ದನ್ನು ಕಂಡರೆ ಮೈಯೆಲ್ಲ ಮುದುಡುತ್ತದೆ. ಸುಣ್ಣವನ್ನೋ ಉಪ್ಪನ್ನೋ ತಾಗಿಸಿ ಕಿತ್ತು ಬಿಸಾಡುತ್ತೇವೆ. ಉಂಬಳಕ್ಕೆ ಹೆದರಿ ತೋಟಕ್ಕೆ ಹೋಗುವುದನ್ನು ಬಿಟ್ಟವರಿಲ್ಲ. ಅಲ್ಲಿರುವುದು ಬರೀ ಹೇಸಿಗೆ. ಕಾಳಿಂಗವೂ ಹಾರಿಫಿಕ್ ಅಲ್ಲ, ಉಂಬಳವೂ ಅಲ್ಲ.

ರಾತ್ರಿ ಕೊಟ್ಟಿಗೆಗೆ ಚಿರತೆ ನುಗ್ಗಿ ಕರುವನ್ನು ಎಳೆದುಕೊಂಡು ಹೋಗಿದೆ ಎಂದುಕೊಳ್ಳಿ. ಬೆಳಕು ಹರಿದ ಮೇಲೆ ಹುಡುಕುತ್ತಾ ಹೋದವರಿಗೆ ಹಳುವಿನ ನಡುವೆ ಅರ್ಧ ತಿಂದುಬಿಟ್ಟ ದೇಹ ಸಿಗುತ್ತದೆ. ನಿನ್ನೆ ಸಂಜೆ ಅಂಬಾ ಎಂದಿದ್ದ, ಮೈ ತಡವಿಸಿಕೊಂಡಿದ್ದ ಕರು. ಚಿರತೆ ಇಲ್ಲೇ ಎಲ್ಲೋ ಇರಬಹುದು ಎಂಬ ಹೆದರಿಕೆ, ತೆರೆದು ಬಿದ್ದ ಹೊಟ್ಟೆಯನ್ನು ಕಂಡ ಕೂಡಲೇ ಬರುವ ಓಕರಿಕೆ, ಅದು ನಮ್ಮ ಕರು ಎಂಬ ಸಂಕಟ, ಮೂರೂ ಒಂದೇ ಗಳಿಗೆಯಲ್ಲಿ. ಮನೆಗೆ ಬಂದವನು ‘ನೋಡಕ್ಕಾಗಲ್ಲ’ ಅಂತಷ್ಟೇ ಹೇಳುತ್ತಾನೆ. ಈ ‘ನೋಡಕ್ಕಾಗಲ್ಲ’ ಎಂಬುದಕ್ಕೆ ಇಂಗ್ಲಿಷಿನವರು ಹಾರಿಫಿಕ್ ಎನ್ನುತ್ತಾರೆ. ಜೀವವಿರುವ ಒಂದಕ್ಕೆ, ಬಹುಮಟ್ಟಿಗೆ ಮನುಷ್ಯನಿಗೆ, ಆದ ಘೋರ ಹಾನಿ ಅದರ ಹಿಂದೆ ಇರಲೇಬೇಕು.

ರಸಶಾಸ್ತ್ರ ಏನು ಹೇಳುತ್ತದೆ

ಈ ಎರಡು ಭಾವಗಳನ್ನು ನಮ್ಮವರು ಎಂದೋ ಬೇರೆ ಮಾಡಿ ಇಟ್ಟಿದ್ದಾರೆ. ನಾಟ್ಯಶಾಸ್ತ್ರ ಹೇಳುವ ಎಂಟು ರಸಗಳಲ್ಲಿ ಭಯಾನಕ ಒಂದು, ಬೀಭತ್ಸ ಇನ್ನೊಂದು. ಭಯಾನಕದ ಸ್ಥಾಯಿಭಾವ, ಅಂದರೆ ರಸಕ್ಕೆ ಆಧಾರವಾದ ಭಾವ, ಭಯ; ಬೀಭತ್ಸದ್ದು ಜುಗುಪ್ಸೆ. ಮೊದಲನೆಯದರ ಬಣ್ಣ ಕಪ್ಪು, ದೇವತೆ ಕಾಲ. ಎರಡನೆಯದರ ಬಣ್ಣ ನೀಲಿ, ದೇವತೆ ಮಹಾಕಾಲ. ಇಷ್ಟನ್ನು ಕನ್ನಡ ಎಂ.ಎ. ಓದಿದವರೆಲ್ಲ ಬಲ್ಲರು. ನನಗೆ ಹೆಚ್ಚು ಮುಖ್ಯ ಅನಿಸಿದ್ದು ಅದೇ ಆರನೆಯ ಅಧ್ಯಾಯದ ಇನ್ನೆರಡು ಮಾತುಗಳು.

ಒಂದು, ನಾಟ್ಯಶಾಸ್ತ್ರದ ಕರ್ತೃ ಭರತ ಎಂಟೂ ರಸಗಳನ್ನು ಒಂದೇ ಸಾಲಿನಲ್ಲಿ ಕೂರಿಸುವುದಿಲ್ಲ. ಶೃಂಗಾರ, ರೌದ್ರ, ವೀರ, ಬೀಭತ್ಸ ಈ ನಾಲ್ಕು ಮೂಲ. ಉಳಿದ ನಾಲ್ಕು ಅವುಗಳಿಂದ ಹುಟ್ಟುವಂಥವು. ಶೃಂಗಾರದಿಂದ ಹಾಸ್ಯ, ರೌದ್ರದಿಂದ ಕರುಣ, ವೀರದಿಂದ ಅದ್ಭುತ, ಬೀಭತ್ಸದಿಂದ ಭಯಾನಕ. ನಾವು ಸಾಮಾನ್ಯವಾಗಿ ಮೊದಲು ಹೆದರಿಕೆ, ಆಮೇಲೆ ಅಸಹ್ಯ ಎಂದುಕೊಳ್ಳುತ್ತೇವೆ. ಭರತ ತಿರುಗಿಸಿ ಹೇಳುತ್ತಾನೆ: ಬೀಭತ್ಸವನ್ನು ಕಂಡದ್ದರಿಂದಲೇ ಒಂದು ಬಗೆಯ ಭಯ ಹುಟ್ಟುತ್ತದೆ. ಮನುಷ್ಯದೇಹ ಹೀಗೂ ಆಗಬಲ್ಲದು, ನನ್ನದೂ ಆಗಬಲ್ಲದು ಎಂದು ಕಂಡವನಿಗೆ ಹೊಳೆಯುವ ಭಯ ಅದು. ಹಾರಿಫಿಕ್ ಎಂಬ ವಿಶೇಷಣದ ಒಳಗಿರುವ ಹೆದರಿಕೆ ಇದೇ ಜಾತಿಯದು. ಅದು ಮುಂದೆ ಏನೋ ಬರುತ್ತದೆ ಎಂಬ ಹೆದರಿಕೆಯಲ್ಲ, ಆಗಿಹೋದದ್ದನ್ನು ಕಂಡು ಹುಟ್ಟುವ ಹೆದರಿಕೆ.

ಇನ್ನೊಂದು, ಬೀಭತ್ಸದಲ್ಲೇ ಅವನು ಮಾಡುವ ವಿಂಗಡಣೆ. ಹೊಲಸು, ಹುಳು ಇಂಥವನ್ನು ಕಂಡು ಹುಟ್ಟುವುದು ಉದ್ವೇಗಿ ಬೀಭತ್ಸ. ರಕ್ತ ಮೊದಲಾದವುಗಳನ್ನು ಕಂಡು ಹುಟ್ಟುವುದು ಕ್ಷೋಭಜ ಬೀಭತ್ಸ. ಉಂಬಳ, ಚರಂಡಿ, ಹಳಸಿದ ಅನ್ನ ಎಲ್ಲ ಉದ್ವೇಗಿಯ ಕಡೆಗೆ. ಗಾಯ, ಕೊಲೆ, ಛಿದ್ರವಾದ ದೇಹ ಕ್ಷೋಭಜದ ಕಡೆಗೆ. ಹಾಸ್ಟೆಲ್ ಊಟಕ್ಕೆ ಹಾರಿಬಲ್ ಸಲ್ಲುತ್ತದೆ, ಹಾರಿಫಿಕ್ ಸಲ್ಲುವುದಿಲ್ಲ ಎಂದು ನಾನು ಹೇಳಿದಾಗ ವಿದ್ಯಾರ್ಥಿಗಳು ‘ಎರಡೂ ಒಂದೇ ಅಲ್ವಾ ಸರ್?’ ಎನ್ನುತ್ತಾರೆ. ಆಗ ನಾನು ಈ ವಿಂಗಡಣೆಯನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಹಾರಿಬಲ್ ಎಂಬುದು ಎರಡು ಬಗೆಯ ಹೇಸಿಗೆಗೂ ಹೋಗುತ್ತದೆ, ನಾತಕ್ಕೂ ರುಚಿಗೂ ಕೆಟ್ಟ ಸ್ವಭಾವಕ್ಕೂ ಹೋಗುತ್ತದೆ. ಹಾರಿಫಿಕ್ ಕ್ಷೋಭಜದ ಕಡೆ ಮಾತ್ರ ನಿಲ್ಲುತ್ತದೆ. ಇಂಗ್ಲಿಷ್ ನಿಘಂಟುಕಾರರು ಇದನ್ನು ಇಷ್ಟು ಚೊಕ್ಕವಾಗಿ ಹೇಳಿದ್ದನ್ನು ನಾನು ಓದಿಲ್ಲ.

ಕೂದಲು ನೆಟ್ಟಗಾಗುವ ಕಥೆ

ಪದದ ಹುಟ್ಟು ಲ್ಯಾಟಿನ್ನಿನಲ್ಲಿದೆ. ಅಲ್ಲಿ ‘ಹೊರೇರೆ’ ಎಂಬ ಕ್ರಿಯಾಪದಕ್ಕೆ ಮೊದಲ ಅರ್ಥ ಹೆದರುವುದಲ್ಲ, ಮುಳ್ಳುಮುಳ್ಳಾಗಿ ನೆಟ್ಟಗೆ ನಿಲ್ಲುವುದು. ಎತ್ತಿ ಹಿಡಿದ ಈಟಿಗಳಿಂದ ತುಂಬಿದ ಬಯಲಿಗೂ ಲ್ಯಾಟಿನ್ ಕವಿಗಳು ಅದೇ ಕ್ರಿಯಾಪದ ಬಳಸಿದ್ದಾರೆ. ಕಾಡುಹಂದಿ ಸಿಟ್ಟಾದಾಗ ಬೆನ್ನಿನ ಮೇಲೆ ಬಿರುಗೂದಲು ಏಳುವುದನ್ನು ಕಂಡವರಿಗೆ ಈ ಪದದ ಚಿತ್ರ ತಾನಾಗಿ ಬರುತ್ತದೆ. ಹೆದರಿದವನ ಮೈಕೂದಲು ಏಳುತ್ತದಾದ್ದರಿಂದ ಕ್ರಮೇಣ ಅದಕ್ಕೆ ನಡುಗು, ಹೆದರು ಎಂಬ ಅರ್ಥ ಬಂತು. ಅದಕ್ಕೆ ‘ಮಾಡುವ’ ಎಂಬ ಅರ್ಥದ ‘ಫಿಕ್’ ಸೇರಿ, 17ನೇ ಶತಮಾನದ ನಡುವಿನಲ್ಲಿ ಇಂಗ್ಲಿಷಿಗೆ ಹಾರಿಫಿಕ್ ಬಂತು. ಭೀ ಎಂಬುದಕ್ಕೆ ಕರ ಸೇರಿ ಭೀಕರ ಆದ ಹಾಗೆಯೇ ಅದರ ಕಟ್ಟಡ.

ಲ್ಯಾಟಿನ್ನಿನ ಈ ಧಾತುವಿಗೂ ಸಂಸ್ಕೃತದ ‘ಹೃಷ್’ ಧಾತುವಿಗೂ ಬೇರು ಒಂದೇ ಎಂದು ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ಹೃಷ್ ಎಂದರೂ ಕೂದಲು ನಿಮಿರುವುದೇ. ಅದರಿಂದಲೇ ಹರ್ಷ, ಅದರಿಂದಲೇ ರೋಮಹರ್ಷ. ಯುರೋಪಿನ ಕಡೆ ಹೋದ ಕವಲು ಹೆದರಿಕೆಯಲ್ಲಿ ನಿಂತಿತು, ನಮ್ಮ ಕಡೆ ಬಂದದ್ದು ಸಂತೋಷದವರೆಗೂ ಹರಿಯಿತು. ಭಗವದ್ಗೀತೆಯಲ್ಲಿ ಎರಡೂ ಇವೆ. ಮೊದಲ ಅಧ್ಯಾಯದಲ್ಲಿ ಬಂಧುಗಳನ್ನು ಎದುರಿಗೆ ಕಂಡ ಅರ್ಜುನ ‘ವೇಪಥುಶ್ಚ ಶರೀರೇ ಮೇ ರೋಮಹರ್ಷಶ್ಚ ಜಾಯತೇ’ ಎನ್ನುತ್ತಾನೆ. ಮೈ ನಡುಗುತ್ತಿದೆ, ಕೂದಲು ನಿಮಿರುತ್ತಿದೆ, ಅದು ಸಂಕಟದ್ದು. ಕೊನೆಯ ಅಧ್ಯಾಯದಲ್ಲಿ ಸಂಜಯ ಇಡೀ ಸಂವಾದವನ್ನು ‘ಅದ್ಭುತಂ ರೋಮಹರ್ಷಣಮ್’ ಎನ್ನುತ್ತಾನೆ, ಅದು ಆನಂದದ್ದು.

ಕನ್ನಡದ ‘ಮೈನವಿರೇಳು’ ಕೂಡ ಇದೇ ಚಿತ್ರ. ನವಿರು ಎಂದರೆ ಹಳಗನ್ನಡದಲ್ಲಿ ಕೂದಲು. ಹಾಗಾಗಿ ಧಾತುವಿನ ಲೆಕ್ಕದಲ್ಲಿ ಹಾರಿಫಿಕ್‌ಗೆ ‘ಮೈನವಿರೇಳಿಸುವ’ ಎಂಬುದು ಪಡಿಯಚ್ಚು. ಆದರೂ ಅನುವಾದದಲ್ಲಿ ಅದನ್ನು ಬಳಸಬಾರದು. ನಾವು ಇವತ್ತು ಮೈನವಿರೇಳಿಸುವ ಎನ್ನುವುದು ಸಾಹಸಕ್ಕೆ, ಸರ್ಕಸ್ಸಿಗೆ, ಕೊನೆಯ ಓವರಿನ ಗೆಲುವಿಗೆ. ‘ಮೈನವಿರೇಳಿಸುವ ಅಪಘಾತ’ ಎಂದರೆ ನೋಡಿ ಖುಷಿಪಟ್ಟೆವೇನೋ ಎಂಬ ಧ್ವನಿ ಬಂದುಬಿಡುತ್ತದೆ. ಪದದ ಬೇರು ಗೊತ್ತಿರಬೇಕು, ಆದರೆ ಪದ ಈಗ ಯಾರ ಬಾಯಲ್ಲಿ ಯಾವುದಕ್ಕೆ ಬರುತ್ತದೆ ಎಂಬುದು ಅದಕ್ಕಿಂತ ಹೆಚ್ಚು ಗೊತ್ತಿರಬೇಕು.

ಮೈಯಲ್ಲಿ ಆಗುವುದೇನು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪ್ರತಿ ಕೂದಲಿನ ಬುಡದಲ್ಲಿ ಒಂದು ಸಣ್ಣ ಸ್ನಾಯು ಇದೆ. ಅಪಾಯ ಕಂಡಾಗ ನಮ್ಮ ಹಿಡಿತದಲ್ಲಿಲ್ಲದ ನರವ್ಯೂಹ ಚುರುಕಾಗಿ, ಅಡ್ರಿನಲಿನ್ ಹರಿದು ಆ ಸ್ನಾಯು ಬಿಗಿಯುತ್ತದೆ, ಕೂದಲು ನಿಲ್ಲುತ್ತದೆ. ಮೈತುಂಬ ತುಪ್ಪಳವಿರುವ ಬೆಕ್ಕಿಗೆ ಇದರಿಂದ ಉಪಯೋಗವಿದೆ, ನಾಯಿಯ ಎದುರು ಅದು ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ. ನಮಗೆ ಉಳಿದಿರುವುದು ಮೈಮೇಲಿನ ಗುಳ್ಳೆಗಳು ಮಾತ್ರ. ಹೆದರಿದಾಗ ಎದೆಬಡಿತ ಏರುತ್ತದೆ. ಆದರೆ ರಕ್ತ, ಗಾಯ ಕಂಡಾಗ ಕೆಲವರಲ್ಲಿ ಮೊದಲು ಏರಿದ ಬಡಿತ, ರಕ್ತದೊತ್ತಡ ಆಮೇಲೆ ಥಟ್ಟನೆ ಇಳಿದು ಬವಳಿ ಬಂದು ಬೀಳುತ್ತಾರೆ. ಹಾವು ಕಂಡವನು ಓಡುತ್ತಾನೆ, ಅಪಘಾತ ಕಂಡವನು ಕುಸಿದು ಕೂರುತ್ತಾನೆ. ನಾಟ್ಯಶಾಸ್ತ್ರ ಹೇಳುವ, ಮೈಯಲ್ಲಿ ತಾನಾಗಿ ಕಾಣುವ ಎಂಟು ಸಾತ್ತ್ವಿಕ ಭಾವಗಳಲ್ಲಿ ರೋಮಾಂಚ, ವೇಪಥು, ಸ್ತಂಭದ ಜೊತೆ ಮೂರ್ಛೆಯ ಅರ್ಥದ ‘ಪ್ರಲಯ’ವೂ ಇರುವುದು ಸುಮ್ಮನೆ ಅಲ್ಲ.

ಹುಣಸೋಡಿನ ರಾತ್ರಿ, ಹುಣಸೋಡಿನ ಬೆಳಗು

ಟೆರರ್ ಮತ್ತು ಹಾರರ್ ಎಂಬ ಎರಡು ಪದಗಳ ಗೆರೆಯನ್ನು ಇಂಗ್ಲಿಷಿನಲ್ಲಿ ಮೊದಲು ಸ್ಪಷ್ಟವಾಗಿ ಎಳೆದವರಲ್ಲಿ ಕಾದಂಬರಿಗಾರ್ತಿ ಆ್ಯನ್ ರ್‍ಯಾಡ್‌ಕ್ಲಿಫ್ ಒಬ್ಬಳು. ಅವಳು ತೀರಿಕೊಂಡ ಮೇಲೆ, 1826ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಆ ಮಾತಿದೆ. ಟೆರರ್ ಮನಸ್ಸನ್ನು ಹಿಗ್ಗಿಸುತ್ತದೆ, ಇಂದ್ರಿಯಗಳನ್ನೆಲ್ಲ ಎಚ್ಚರಿಸುತ್ತದೆ. ಹಾರರ್ ಮನಸ್ಸನ್ನು ಕುಗ್ಗಿಸುತ್ತದೆ, ಹೆಪ್ಪುಗಟ್ಟಿಸುತ್ತದೆ. ಟೆರರ್ ಇರುವುದು ಇನ್ನೂ ಏನೆಂದು ತಿಳಿಯದಿರುವಾಗ. ತಿಳಿದ ಮೇಲೆ, ಕಣ್ಣಾರೆ ಕಂಡ ಮೇಲೆ ಬರುವುದು ಹಾರರ್.

ಶಿವಮೊಗ್ಗದವರಿಗೆ ಇದನ್ನು ವಿವರಿಸಬೇಕಿಲ್ಲ. 2021ರ ಜನವರಿ 21ರ ರಾತ್ರಿ ಹತ್ತು ದಾಟಿದ ಮೇಲೆ ಊರಿಗೆ ಊರೇ ನಡುಗಿತು. ಕಿಟಕಿಯ ಗಾಜು ಅದುರಿತು, ಮಲಗಿದ್ದವರು ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಬಂದರು. ಭೂಕಂಪ ಎಂದರು ಹೆಚ್ಚಿನವರು. ಅಕ್ಕಪಕ್ಕದ ಜಿಲ್ಲೆಗಳಿಂದಲೂ ‘ನಿಮ್ಮಲ್ಲೂ ಆತಾ?’ ಎಂದು ಫೋನು ಬಂತು. ಏನಾಗಿದೆ, ಎಲ್ಲಿ ಆಗಿದೆ, ಇನ್ನೊಮ್ಮೆ ಆಗುತ್ತದೋ ಏನೋ ಎಂದು ಗೊತ್ತಿಲ್ಲದೆ ಜನ ರಸ್ತೆಯಲ್ಲಿ ನಿಂತಿದ್ದರಲ್ಲ, ಅದು ಟೆರರ್. ಕಿವಿ, ಕಣ್ಣು, ಚರ್ಮ ಎಲ್ಲ ಎಚ್ಚರವಾಗಿದ್ದ ಹೊತ್ತು. ಆಮೇಲೆ ತಿಳಿಯಿತು, ಹುಣಸೋಡಿನ ಕಲ್ಲುಕ್ವಾರಿಯ ಬಳಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದಿದೆ, ಕೆಲಸಕ್ಕೆ ಬಂದವರು ಸತ್ತಿದ್ದಾರೆ. ಬೆಳಿಗ್ಗೆ ಅಲ್ಲಿ ಹೋಗಿ ಕಂಡವರು ಹೆಚ್ಚು ಮಾತಾಡಲಿಲ್ಲ. ಗುರುತು ಹಿಡಿಯಲಾಗದ ಸಾವುಗಳ ಸುದ್ದಿ ಅದು. ಅಲ್ಲಿಗೆ ಹಾರಿಫಿಕ್ ಎಂಬ ಪದ ಸಲ್ಲುತ್ತದೆ, ಒಂದು ಅಕ್ಷರವೂ ಹೆಚ್ಚಲ್ಲ. ರಾತ್ರಿಯ ಸದ್ದನ್ನು ಟೆರಿಫೈಯಿಂಗ್ ಎನ್ನಬೇಕು, ಬೆಳಗಿನ ನೋಟವನ್ನು ಹಾರಿಫಿಕ್ ಎನ್ನಬೇಕು. ಎರಡಕ್ಕೂ ಒಂದೇ ‘ಭಯಾನಕ’ ಹಾಕಿ ಬರೆದರೆ, ನಮ್ಮ ಊರಿನವರು ಆ ಹನ್ನೆರಡು ಗಂಟೆಗಳಲ್ಲಿ ಪಟ್ಟ ಎರಡು ಬೇರೆ ಬೇರೆ ಪಾಡುಗಳು ಒಂದಾಗಿ ಕಲಸಿಹೋಗುತ್ತವೆ.

ಇದರ ಪಕ್ಕದಲ್ಲೇ ಡ್ರೆಡ್ ಎಂಬುದನ್ನೂ ಇಟ್ಟುಕೊಳ್ಳಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆ ಹತ್ತಿರವಾದಂತೆ ಮಲೆನಾಡಿಗೆ ಮರಳುತ್ತದೆ. ತೋಟದ ಅಂಚಿನಲ್ಲಿ ಒಂದು ಮಂಗ ಸತ್ತು ಬಿದ್ದಿದ್ದರೆ ಸಾಕು, ಊರಲ್ಲಿ ಮಾತು ಇಳಿದುಹೋಗುತ್ತದೆ. ಉಣುಗು ಯಾರಿಗೆ ಕಚ್ಚಿದೆಯೋ, ಯಾರಿಗೆ ಜ್ವರ ಬರುತ್ತದೋ ಎಂದು ದಿನ ಎಣಿಸುವ ಆ ಭಾರ ಡ್ರೆಡ್. ಬರಲಿರುವುದನ್ನು ಕುರಿತ ದಿಗಿಲು ಅದು.

ರಂಗಸ್ಥಳದ ಹೆದರಿಕೆ

ಹಾಗಾದರೆ ಹಾರರ್ ಸಿನಿಮಾವನ್ನು ಜನ ದುಡ್ಡು ಕೊಟ್ಟು ಯಾಕೆ ನೋಡುತ್ತಾರೆ? ನೋಡಲಾಗದ್ದನ್ನು ನೋಡಲು ಟಿಕೆಟ್ ಯಾಕೆ? ಇದಕ್ಕೆ ಉತ್ತರ ಯಕ್ಷಗಾನದ ಬಣ್ಣದ ವೇಷದಲ್ಲಿದೆ. ನಡುರಾತ್ರಿ ಕಳೆದಿದೆ, ಚೆಂಡೆಯ ಗತಿ ಬದಲಾಗಿದೆ, ತೆರೆಯ ಹಿಂದೆ ಆರ್ಭಟ ಕೇಳುತ್ತದೆ. ಅಮ್ಮನ ಸೆರಗಿನಲ್ಲಿ ನಿದ್ದೆ ಹೋಗಿದ್ದ ಮಗು ಎದ್ದು ಕೂರುತ್ತದೆ. ತೆರೆಯ ಮೇಲಿನಿಂದ ಕಿರೀಟ ಮಾತ್ರ ಕಾಣುತ್ತದೆ, ಆಮೇಲೆ ಕಣ್ಣು, ಆಮೇಲೆ ಕೋರೆಹಲ್ಲು. ಮಗು ಮುಖ ಮುಚ್ಚಿಕೊಳ್ಳುತ್ತದೆ, ಬೆರಳ ಸಂದಿಯಿಂದ ನೋಡುತ್ತದೆ. ಆ ಬೆರಳ ಸಂದಿಯಲ್ಲಿ ಇರುವುದೇ ರಸ. ಹೆದರಿಕೆ ಇದೆ, ಅಪಾಯ ಇಲ್ಲ. ದುಶ್ಶಾಸನ ವಧೆಯಲ್ಲಿ ಭೀಮ ಎದೆ ಬಗೆದು ಕರುಳು ಎಳೆಯುವಾಗ ಬೀಭತ್ಸ ಇದೆ, ಆದರೆ ನೇಪಥ್ಯಕ್ಕೆ ಹೋದ ದುಶ್ಶಾಸನ ಬಣ್ಣ ತೊಳೆದು ಚಹಾ ಕುಡಿಯುತ್ತಾನೆ ಎಂಬುದು ಸಭೆಯಲ್ಲಿ ಕೂತವರಿಗೆಲ್ಲ ಗೊತ್ತಿದೆ.

ಇಂಗ್ಲಿಷಿನಲ್ಲಿ ಈ ಬಗೆಯದನ್ನು ಹೇಳಲು ‘ಹಾರರ್’ ಎಂಬ ನಾಮಪದವನ್ನೇ ವಿಶೇಷಣದ ಜಾಗದಲ್ಲಿ ಇಡುತ್ತಾರೆ: ಹಾರರ್ ಫಿಲ್ಮ್, ಹಾರರ್ ಸ್ಟೋರಿ. ‘ಹಾರಿಫಿಕ್ ಫಿಲ್ಮ್’ ಎಂದರೆ ಅರ್ಥ ಬೇರೆ. ಅದರಲ್ಲಿ ತೋರಿಸಿದ ಕ್ರೌರ್ಯ ಸಹಿಸಲಾಗದ್ದು ಎಂದೋ, ಸಿನಿಮಾವೇ ಅಷ್ಟು ಕೆಟ್ಟದ್ದು ಎಂದೋ ಓದುಗರು ತಿಳಿಯುತ್ತಾರೆ. ಹಾರರ್‌ನಲ್ಲಿ ರಸಕ್ಕೆ ಜಾಗ ಇದೆ. ಹಾರಿಫಿಕ್‌ನಲ್ಲಿ ಇಲ್ಲ. ಅದು ನಿಜ ಜೀವನದ ಪದ.

ಅದೇ ಮನೆತನದ ಉಳಿದವರು

ಹಾರಿಬಲ್ ಎಲ್ಲಕ್ಕಿಂತ ಸವೆದ ಪದ. ಕೆಟ್ಟ ಕಾಫಿ, ಕೆಟ್ಟ ಕೈಬರಹ, ಕೆಟ್ಟ ಮನುಷ್ಯ ಎಲ್ಲದಕ್ಕೂ ಬರುತ್ತದೆ. ಹಾರಿಡ್ ಎಂಬುದಕ್ಕೆ ಹಿಂದೆ ‘ಜೂಲುಜೂಲಾದ, ಒರಟಾದ’ ಎಂಬ ಅರ್ಥವಿತ್ತು. ಈಗ ಬ್ರಿಟನ್ನಿನವರು ಕೆಟ್ಟ ಸ್ವಭಾವಕ್ಕೆ, ಕಿರಿಕಿರಿಗೆ ಬಳಸುತ್ತಾರೆ, ಸ್ವಲ್ಪ ಮಕ್ಕಳ ಮಾತಿನ ಛಾಯೆ ಅದಕ್ಕಿದೆ. ಹಾರೆಂಡಸ್ ಗಾತ್ರವನ್ನು ಹೇಳುತ್ತದೆ. ಅಪರಾಧಕ್ಕೂ ಆದೀತು, ವಿಪರೀತ ಟ್ರಾಫಿಕ್ಕಿಗೂ ಖರ್ಚಿಗೂ ಆದೀತು. ಹಾರಿಫೈಯಿಂಗ್ ನೋಡುವವನ ಕಡೆಯಿಂದ ಬಂದದ್ದು, ಅವನಲ್ಲಿ ಆ ಭಾವ ಹುಟ್ಟಿಸಿತು ಎಂಬುದೇ ಅಲ್ಲಿ ಮುಖ್ಯ. ಹಾರಿಫಿಕ್ ಘಟನೆಯ ಕಡೆಯದು. ಯಾರೂ ನೋಡದಿದ್ದರೂ ಆ ಗಾಯ ಹಾರಿಫಿಕ್ಕೇ.

ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ. ‘ನನಗೆ ಗಾಬರಿಯಾಯಿತು’ ಎನ್ನಲು ಹೊರಟವರು ‘ಐ ವಾಸ್ ಹಾರಿಫೈಯಿಂಗ್’ ಎಂದು ಬರೆಯುತ್ತಾರೆ. ಹಾಗೆಂದರೆ ನನ್ನನ್ನು ಕಂಡು ಬೇರೆಯವರು ಬೆಚ್ಚಿಬಿದ್ದರು ಎಂದಾಯಿತು. ಅನುಭವಿಸಿದವನಿಗೆ ಹಾರಿಫೈಡ್, ಅನುಭವ ಕೊಟ್ಟದ್ದಕ್ಕೆ ಹಾರಿಫೈಯಿಂಗ್.

ಟೆರಿಫಿಕ್ ವಿಷಯಕ್ಕೆ ಬರೋಣ. ಕಟ್ಟಡದಲ್ಲಿ ಅದು ಹಾರಿಫಿಕ್‌ನ ಜೊತೆಗೇ ಹುಟ್ಟಿದಂತೆ ಕಾಣುತ್ತದೆ, ಭಯ ಮಾಡುವ ಎಂಬುದೇ ಅದರ ಮೂಲ ಅರ್ಥ. ಆದರೆ ಭಯ ಹುಟ್ಟಿಸುವಷ್ಟು ದೊಡ್ಡದು ಎಂಬುದರಿಂದ ಬರೀ ದೊಡ್ಡದು ಎಂದಾಗಿ, ಅಲ್ಲಿಂದ ಬಹಳ ಚೆನ್ನಾಗಿರುವುದು ಎಂದಾಗಿಬಿಟ್ಟಿತು. ಇದು ವಿಚಿತ್ರ ಅನಿಸಿದವರು ನಮ್ಮ ‘ಭಯಂಕರ’ವನ್ನು ನೆನೆಯಬೇಕು. ತೀರ್ಥಹಳ್ಳಿ ಕಡೆ ಮದುವೆ ಊಟ ಮುಗಿಸಿ ಬಂದವರು ‘ಹೋಳಿಗೆ ಭಯಂಕರ ಚೆನ್ನಾಗಿತ್ತು ಮಾರಾಯ’ ಎನ್ನುವುದಿಲ್ಲವೇ? ಹೋಳಿಗೆಗೆ ಹೆದರಿದವರು ಯಾರೂ ಇಲ್ಲ. ಭಯಂಕರ ಹೋದ ದಾರಿಯಲ್ಲೇ ಟೆರಿಫಿಕ್ ಹೋಗಿದೆ, ಅದಕ್ಕಿಂತ ದೂರ ಹೋಗಿದೆ. ಭಯಂಕರ ಅಪಘಾತ ಎಂದು ನಾವು ಈಗಲೂ ಹೇಳಬಹುದು. ಟೆರಿಫಿಕ್ ಆ್ಯಕ್ಸಿಡೆಂಟ್ ಎಂದು ಇವತ್ತಿನ ಇಂಗ್ಲಿಷಿನಲ್ಲಿ ಹೇಳುವಂತಿಲ್ಲ. ಸೊಗಸಾದ ಅಪಘಾತ ಎಂದಂತಾಗುತ್ತದೆ. ಸಾವಿನ ಮನೆಯ ಮುಂದೆ ಆ ಮಾತು ಚುಚ್ಚುವುದು ಇದಕ್ಕೇ.

ಬೇರೆ ಮನೆತನದ ಕೆಲವು ಪದಗಳೂ ಇದೇ ಹಾದಿಯಲ್ಲಿ ಸಿಗುತ್ತವೆ. ಗ್ರೂಸಮ್, ಗ್ರಿಸ್ಲಿ ಎರಡೂ ಕೊಲೆ, ಶವ, ಗಾಯಗಳ ವಿವರಕ್ಕೆ. ಗ್ರೂಸಮ್ ಸ್ಕಾಟ್ಲೆಂಡಿನ ಕಡೆಯ ‘ನಡುಗು’ ಎಂಬ ಪದದಿಂದ ಬಂದದ್ದು, ಅದನ್ನು ಎಲ್ಲರ ಬಾಯಿಗೆ ತಂದವನು ವಾಲ್ಟರ್ ಸ್ಕಾಟ್. ಗ್ಯಾಸ್ಟ್ಲಿಯಲ್ಲಿ ಹೆಣದ ಬಿಳಿಚು ಬಣ್ಣದ ನೆನಪಿದೆ. ಮಕಾಬರ್ ಸಾವಿನ ಜೊತೆ ಆಟವಾಡುವ ಕಲೆಗೆ, ಕಥೆಗೆ.

ಈರಿ ಎಂಬುದರ ಹತ್ತಿರ ಸ್ವಲ್ಪ ನಿಲ್ಲಬೇಕು, ಮಲೆನಾಡಿಗೆ ಅದರಷ್ಟು ಹೊಂದುವ ಪದ ಇನ್ನೊಂದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಕಣಿವೆಯ ಊರುಗಳು, ಗದ್ದೆಗಳು, ತೋಟಗಳು, ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆ ಕೂಡ ನೀರಿನಡಿ ಹೋದವು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಮರಗಳ ಒಣಬೊಡ್ಡೆಗಳು ಸಾಲಾಗಿ ತಲೆಯೆತ್ತುತ್ತವೆ, ಹಳೆಯ ಕಟ್ಟೆಯ ಗೋಡೆ ಮೇಲೆ ಬರುತ್ತದೆ. ಮುಸ್ಸಂಜೆ, ಗಾಳಿ ನಿಂತಿದೆ, ಒಂದು ಹಕ್ಕಿಯ ಕೂಗೂ ಇಲ್ಲ. ಅಲ್ಲಿ ರಕ್ತವಿಲ್ಲ, ಕ್ರೌರ್ಯವಿಲ್ಲ, ಅಪಾಯವೂ ಇಲ್ಲ. ಆದರೂ ಬೆನ್ನಹುರಿಯಲ್ಲಿ ಏನೋ ತಣ್ಣಗೆ ಹರಿಯುತ್ತದೆ. ಅದು ಈರಿ. ಅದಕ್ಕೆ ಹಾರಿಫಿಕ್ ಎಂದರೆ ಆ ನೀರಿನ ಮೌನವೂ ಕೆಡುತ್ತದೆ, ಪದವೂ ಕೆಡುತ್ತದೆ.

ಬಳಸುವಾಗ

ಇಂಗ್ಲಿಷಿನಲ್ಲಿ ಹಾರಿಫಿಕ್‌ನ ಜೊತೆಗೆ ಬರುವ ನಾಮಪದಗಳು ಹೆಚ್ಚೇನಿಲ್ಲ: ಗಾಯ, ಸುಟ್ಟಗಾಯ, ಅಪಘಾತ, ದಾಳಿ, ಕೊಲೆ, ಅಪರಾಧ, ದೌರ್ಜನ್ಯ, ಹಿಂಸೆ. ‘ವೆರಿ ಹಾರಿಫಿಕ್’ ಎಂದು ಹೇಳುವುದು ಕಡಿಮೆ. ಪದವೇ ತುದಿಯಲ್ಲಿರುವಾಗ ಇನ್ನಷ್ಟು ಏರಿಸುವುದೇನು? ಒತ್ತು ಬೇಕೇಬೇಕೆಂದರೆ ‘ಟ್ರೂಲಿ’, ‘ಆ್ಯಬ್ಸಲ್ಯೂಟ್ಲಿ’ ಎನ್ನುತ್ತಾರೆ. ಉಚ್ಚಾರದಲ್ಲೂ ಗಮನ ಬೇಕು. ಹಾರರ್, ಹಾರಿಬಲ್ ಎರಡರಲ್ಲೂ ಒತ್ತು ಮೊದಲ ಅಕ್ಷರಕ್ಕೆ. ಹಾರಿಫಿಕ್‌ನಲ್ಲಿ ಒತ್ತು ನಡುವಿನ ‘ರಿ’ಗೆ, ‘ಹಾ’ ಅಲ್ಲಿ ಬಹುಪಾಲು ‘ಹ’ ಆಗಿ ಕುಗ್ಗುತ್ತದೆ.

ರಕ್ತ ಕಾಣದ ಕಡೆಯೂ ಈ ಪದ ಬರುತ್ತದೆ, ಅದನ್ನು ಮರೆಯಬಾರದು. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ಆಮೇಲೂ ಎಲ್ಲೋ ಒಂದು ಶೆಡ್ಡಿನಲ್ಲಿ ಕೂಡಿಹಾಕಿ ದುಡಿಸಿಕೊಳ್ಳುತ್ತಿದ್ದವರನ್ನು ಬಿಡಿಸಿದ ಸುದ್ದಿ ಬಂದರೆ ಇಂಗ್ಲಿಷಿನವರು ‘ಹಾರಿಫಿಕ್ ಕಂಡಿಷನ್ಸ್’ ಎನ್ನುತ್ತಾರೆ. ಮಗುವಿನ ಮೇಲೆ ವರ್ಷಗಟ್ಟಲೆ ನಡೆದ ದೌರ್ಜನ್ಯಕ್ಕೂ ಅದೇ ಪದ. ಕ್ಷೋಭೆ ಅಲ್ಲಿ ಗಾಯದಿಂದ ಹುಟ್ಟುವುದಲ್ಲ, ಮನುಷ್ಯ ಮನುಷ್ಯನಿಗೆ ಹೀಗೆ ಮಾಡಿದನಲ್ಲ ಎಂಬುದರಿಂದ ಹುಟ್ಟುತ್ತದೆ. ಪದದ ಅತ್ಯಂತ ಗಂಭೀರವಾದ ಬಳಕೆ ಇದೇ ಎಂದು ನನ್ನ ಅನಿಸಿಕೆ.

ಕನ್ನಡಕ್ಕೆ ತರುವಾಗ ಒಂದೇ ಪದಕ್ಕೆ ಜೋತುಬೀಳಬೇಕಾಗಿಲ್ಲ. ಅಪಘಾತಕ್ಕೆ ‘ಭೀಕರ’ ನಡೆಯುತ್ತದೆ, ಆದರೆ ಬಸ್ಸು ಗುಂಡಿಗೆ ಇಳಿದು ಇಬ್ಬರಿಗೆ ತರಚು ಗಾಯವಾದರೂ ಭೀಕರ ಎಂದು ಹಾಕಿ ಹಾಕಿ ಆ ಪದದ ಮೊನೆ ಮೊಂಡಾಗಿದೆ. ಕೊಲೆಗೆ ‘ಬರ್ಬರ’ ಹೆಚ್ಚು ಹತ್ತಿರ, ಯಾಕೆಂದರೆ ಅದರಲ್ಲಿ ಮಾಡಿದವನ ಕ್ರೌರ್ಯ ಇದೆ. ದೌರ್ಜನ್ಯಕ್ಕೆ ‘ಘೋರ’, ‘ಹೇಯ’. ಗಾಯಗಳಿಗೆ ‘ನೋಡಲಾಗದಂಥ’ ಎಂಬ ನಮ್ಮ ಮನೆಮಾತೇ ಎಲ್ಲಕ್ಕಿಂತ ಚೆನ್ನ. ‘ಬೀಭತ್ಸ’ವನ್ನು ಬಳಸುವವರು ಮೊದಲ ಅಕ್ಷರಕ್ಕೆ ಮಹಾಪ್ರಾಣ ಕೊಟ್ಟು ‘ಭೀಭತ್ಸ’ ಮಾಡುವುದುಂಟು, ಅದು ಬೇಡ.

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಗ ಈ ಪದವನ್ನು ಗಾಳದ ಹುಳುವಿನಂತೆ ಬಳಸುತ್ತಿದ್ದಾರೆ. ‘ಹಾರಿಫಿಕ್ ವಿಡಿಯೊ, ತಪ್ಪದೇ ನೋಡಿ’ ಎಂದು ಬರೆದು ರಸ್ತೆಯ ಮೇಲೆ ಬಿದ್ದವರ ಚಿತ್ರ ಹರಿಬಿಡುತ್ತಾರೆ. ಸತ್ತವರ ಮನೆಯವರು ಆಸ್ಪತ್ರೆ ತಲುಪುವ ಮೊದಲೇ ಅದು ಅವರ ಫೋನಿಗೆ ಬಂದಿರುತ್ತದೆ. ಜುಗುಪ್ಸೆ ಎಂಬ ಪದ ‘ಗುಪ್’ ಧಾತುವಿನಿಂದ ಬಂದದ್ದು. ಗುಪ್ ಎಂದರೆ ಕಾಪಾಡು, ಮರೆಮಾಡು. ನೋಡಲಾಗದ್ದನ್ನು ಕಂಡಾಗ ಹೆಗಲ ಮೇಲಿನ ಟವೆಲನ್ನೋ ಪಂಚೆಯನ್ನೋ ತೆಗೆದು ದೇಹದ ಮೇಲೆ ಹೊದಿಸುತ್ತಾರಲ್ಲ ನಮ್ಮ ಊರಿನ ಜನ, ಆ ಧಾತುವಿಗೆ ಸಲ್ಲುವ ಕೆಲಸ ಅದು. ಇಂಥ ಸುದ್ದಿ ಬರೆಯಲು ಕೂತ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ಹಾರಿಫಿಕ್ ಎಂದು ಒಮ್ಮೆ ಬರೆದಿದ್ದೀರಿ ಎಂದಮೇಲೆ ಗಾಯದ ವಿವರಕ್ಕೆ ಇಳಿಯಬೇಡಿ. ಸತ್ತವರ ಊರು, ವಯಸ್ಸು, ಎಲ್ಲಿಗೆ ಹೊರಟಿದ್ದರು ಎಂಬುದನ್ನು ಬರೆಯಿರಿ.